ವಾಕ್ಯ ತೋರಿಸಿದವನ ಹೊಣೆ

ಧರ್ಮಗ್ರಂಥದಲ್ಲಿ ಏನಿದೆ ಎಂದು ಹೇಳುವುದು ಒಂದು ವಿದ್ಯೆ. ಅದನ್ನು ಹಿಡಿದುಕೊಂಡು ಈಗ, ಇಲ್ಲಿ, ಏನು ಮಾಡತಕ್ಕದ್ದು ಎಂದು ನಿರ್ಣಯಿಸುವುದು ಬೇರೆಯೇ ಒಂದು ವಿದ್ಯೆ. ಮೊದಲನೆಯದರಲ್ಲಿ ಪಳಗಿದವರು ಎರಡನೆಯದರಲ್ಲಿಯೂ ಪಳಗಿರುತ್ತಾರೆಂದು ನಂಬುವುದು ನಮ್ಮಲ್ಲಿ ಬಹಳ ಕಾಲದಿಂದ ನಡೆದುಬಂದ ರೂಢಿ. ಸ್ಮೃತಿಗಳನ್ನು ಬಾಯಿಪಾಠ ಮಾಡಿದವರ ವಿಷಯದಲ್ಲಿ ಹೀಗೆ ನಂಬಿದೆವು. ಬಸದಿಯಲ್ಲಿ ಶ್ರಾವಕಾಚಾರ ಓದುವವರ ವಿಷಯದಲ್ಲಿಯೂ ನಂಬಿದೆವು. ಕ್ರೈಸ್ತರು ತಮ್ಮ ಬೈಬಲ್ಲಿನ ಪಂಡಿತರ ವಿಷಯದಲ್ಲಿ ಇದಕ್ಕಿಂತ ಭಿನ್ನವಾಗಿ ನಡೆದುಕೊಂಡಿಲ್ಲ. ಈ ಎರಡು ವಿದ್ಯೆಗಳ ನಡುವಿನ ಅಂತರವನ್ನು ಕ್ರೈಸ್ತ ನೀತಿಶಾಸ್ತ್ರದ ಉದಾಹರಣೆಗಳಿಂದ ಸ್ವಲ್ಪ ವಿಚಾರಿಸಬೇಕೆಂಬುದು ನನ್ನ ಇಚ್ಛೆ.

ಉಗಾರ ಬುದ್ರುಕದಂಥ ಊರಿನಲ್ಲಿ ಕುಳಿತು ಈ ವಿಷಯ ಬರೆಯುವುದಕ್ಕೆ ಏನಾದರೂ ಸಮಜಾಯಿಷಿ ಹೇಳಲೇಬೇಕು. ಇದು ಕಾಗವಾಡದ ಸೀಮೆ. ಸುತ್ತಲೂ ಕಬ್ಬು; ಊರಿನಲ್ಲಿ ಜೈನರು ಬಹಳ, ಉಳಿದವರೂ ಉಂಟು; ಇಗರ್ಜಿಯ ಗಂಟೆ ಇಲ್ಲಿ ಕೇಳಿಬರುವುದಿಲ್ಲ. ‘ಬುದ್ರುಕ’ ಎಂದರೆ ಹಿರಿದು, ‘ಖುರ್ದ’ ಎಂದರೆ ಕಿರಿದು ಎಂದು ಹಳೆಯ ಕಂದಾಯದ ಭಾಷೆ. ೧೯೩೯ರಲ್ಲಿ ಸ್ಥಾಪಿತವಾದ ಸಕ್ಕರೆಯ ಕಾರ್ಖಾನೆಯೂ ರೈಲು ನಿಲ್ದಾಣವೂ ಉಗಾರ ಖುರ್ದಕ್ಕೆ ಹೋದುದರಿಂದ ಹಿರಿಯದು ಯಾವುದು, ಕಿರಿಯದು ಯಾವುದು ಎಂಬ ಲೆಕ್ಕ ಈಗ ಹಾಗೆಯೇ ಉಳಿದಿಲ್ಲ, ಅದಿರಲಿ. ಆ ರೈಲಿನಲ್ಲಿ ಕುಳಿತರೆ ಬೇಗನೆ ಮೀರಜ ಬರುತ್ತದೆ. ಅಲ್ಲಿ ಕೆನಡಾ ದೇಶದ ವೈದ್ಯರಾದ ವಿಲಿಯಂ ವಾನ್‌ಲೆಸ್ಸರು ೧೮೯೪ರಲ್ಲಿ ತೆರೆದ ಮಿಷನ್ ಆಸ್ಪತ್ರೆ ಇದೆ. ಅಥಣಿ, ರಾಯಬಾಗ, ಚಿಕ್ಕೋಡಿಗಳ ಕಡೆಯವರಲ್ಲಿ ನಾಲ್ಕು ತಲೆಮಾರಿನ ಜನ ಕಾಯಿಲೆ ಬಿದ್ದಾಗ ಆ ದಾರಿ ಹಿಡಿದವರೇ. ನಮ್ಮ ಸೀಮೆಯ ಬಹುಮಂದಿ ಕ್ರೈಸ್ತರನ್ನು ಮೊದಲು ಕಂಡದ್ದು ಪ್ರಾರ್ಥನಾಮಂದಿರದಲ್ಲಲ್ಲ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ. ನಾನು ಕ್ರೈಸ್ತನಲ್ಲ, ಕನ್ನಡ ಕಲಿಸಿ ಬದುಕಿದವನು. ಬೈಬಲ್ಲು ನನ್ನ ಕೈಗೆ ಬಂದದ್ದು ಒಂದು ಹಳೆಯ ಕನ್ನಡ ಗದ್ಯಗ್ರಂಥವಾಗಿ. ಆದುದರಿಂದ ಮಾತಿನಿಂದಲೇ ಪ್ರಾರಂಭಿಸುತ್ತೇನೆ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದರು. ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಅವರೂ ಅವರ ಸಂಗಡಿಗರೂ ಎರಡು ದಶಕ ಕಳೆದರು. ಮುಂದೆ ಬಾಸೆಲ್ ಮಿಷನ್ನಿನವರು ಅದನ್ನು ತಿದ್ದಿದರು. ಈ ಭಾಷಾಂತರಕಾರರ ಮುಂದಿದ್ದ ಕನ್ನಡವು ಖಾಲಿ ಪಾತ್ರೆಯಾಗಿರಲಿಲ್ಲ. ಅದರಲ್ಲಿ ಆಗಲೇ ಏನೇನೋ ತುಂಬಿತ್ತು. ಯೆಹೂದ್ಯರ ಮೋಶೆಯ ಕಟ್ಟಳೆಗೆ ಅವರು ‘ಧರ್ಮಶಾಸ್ತ್ರ’ ಎಂದರು. ಓದುವವನಿಗೆ ಮನು, ಯಾಜ್ಞವಲ್ಕ್ಯರ ನೆನಪು ತಾನಾಗಿ ಬರುತ್ತದೆ. ದೇವರ ಮುಂದೆಯೂ ನೆರೆಯವನ ಮುಂದೆಯೂ ಸರಿಯಾಗಿ ನಿಲ್ಲುವುದು ಎಂಬ ಅರ್ಥದ ಹೀಬ್ರೂ ಮಾತಿಗೆ ‘ನೀತಿ’ ಎಂದರು. ನಮ್ಮ ಕಿವಿಗೆ ‘ನೀತಿ’ ಎಂದರೆ ಪಂಚತಂತ್ರದ ಜಾಣತನವೂ ಹೌದು, ರಾಜನೀತಿಯೂ ಹೌದು. ಒಳಗಿನ ಅರಿವಿಗೆ ‘ಮನಸ್ಸಾಕ್ಷಿ’ ಎಂದರು. ಇದು ಸೊಗಸಾದ ಮಾತು. ಮನಸ್ಸೇ ಸಾಕ್ಷಿಯಾಗಿ ನಿಂತರೆ ನ್ಯಾಯಾಧೀಶನು ಬೇರೊಬ್ಬನಿರಬೇಕು ಎಂಬ ಸೂಚನೆ ಅದರಲ್ಲಿದೆ. ಮನಸ್ಸನ್ನೇ ನ್ಯಾಯಾಧೀಶನನ್ನಾಗಿ ಮಾಡಿಕೊಂಡ ನಮ್ಮ ಕಾಲದವರು ಆ ಸೂಚನೆಯನ್ನು ಗಮನಿಸುವುದಿಲ್ಲ. ಒಂದು ವಾಕ್ಯವನ್ನು ಎತ್ತಿ ಇದೇ ದೇವರ ಅಪ್ಪಣೆ ಎನ್ನುವವನು, ಆ ವಾಕ್ಯ ತನ್ನ ಬಾಯಿಗೆ ಬರುವ ಮೊದಲು ಎಷ್ಟು ಜನರ ಕೈ ದಾಟಿ ಬಂದಿದೆ ಎಂಬುದನ್ನಾದರೂ ತಿಳಿದಿರಬೇಕು. ಇದು ನೀತಿಶಾಸ್ತ್ರದ ಮೊದಲ ಪಾಠವೆಂದು ನಾನು ಎಣಿಸುತ್ತೇನೆ. ಭಾಷೆಯ ಮೇಷ್ಟರು ಬೇರೆ ಏನು ಹೇಳಿಯಾರು!

ಶಾಸ್ತ್ರದಿಂದ ನಿರ್ಣಯ ಪಡೆಯುವ ಎರಡು ಸುಲಭ ದಾರಿಗಳಿವೆ. ಒಂದು, ಪ್ರಶ್ನೆಗೆ ತಕ್ಕ ವಾಕ್ಯವನ್ನು ಹುಡುಕುವುದು, ಸಿಕ್ಕಿದೊಡನೆ ಪುಸ್ತಕ ಮುಚ್ಚುವುದು. ಅಮೆರಿಕದ ದಕ್ಷಿಣ ಸೀಮೆಯ ತೋಟದ ಒಡೆಯರು ಹತ್ತೊಂಬತ್ತನೆಯ ಶತಮಾನದಲ್ಲಿ ಮಾಡಿದ್ದು ಇದನ್ನೇ. ಗುಲಾಮರು ಯಜಮಾನರಿಗೆ ವಿಧೇಯರಾಗಿರಲಿ ಎಂಬ ಅರ್ಥದ ಮಾತುಗಳು ಪೌಲನ ಪತ್ರಗಳಲ್ಲಿ ಅವರಿಗೆ ದೊರಕಿದವು. ಅದೇ ಪೌಲನು ಫಿಲೆಮೋನನಿಗೆ ಓಡಿಹೋದ ಗುಲಾಮನೊಬ್ಬನನ್ನು ಹಿಂದಕ್ಕೆ ಕಳುಹಿಸುವಾಗ, ಆತನನ್ನು ಇನ್ನು ಮೇಲೆ ಗುಲಾಮನಂತೆ ಕಾಣದೆ ಪ್ರಿಯ ಸಹೋದರನಂತೆ ಕಾಣಬೇಕೆಂದೂ, ಆತನಿಂದ ನಷ್ಟವೇನಾದರೂ ಆಗಿದ್ದರೆ ಅದನ್ನು ತನ್ನ ಲೆಕ್ಕಕ್ಕೆ ಹಾಕಬೇಕೆಂದೂ ಬರೆದನಲ್ಲ, ಆ ಒಂದೇ ಹಾಳೆಯ ಪತ್ರವನ್ನು ಅವರು ಅರ್ಧಕ್ಕೆ ಓದಿ ನಿಲ್ಲಿಸಿದರು. ಎರಡನೆಯ ದಾರಿ, ಪುಸ್ತಕ ಹಳೆಯದು, ಕಾಲ ಹೊಸದು, ಆದುದರಿಂದ ನಮಗೆ ತೋಚಿದ್ದೇ ಸರಿ ಎನ್ನುವುದು. ಇದು ಸಭ್ಯವಾಗಿ ಕಾಣುತ್ತದೆ. ಆದರೆ ನಮಗೆ ತೋಚುವುದು ಸಾಮಾನ್ಯವಾಗಿ ನಮಗೆ ಅನುಕೂಲವಾದದ್ದು. ಶಾಸ್ತ್ರಕ್ಕೆ ಒಂದು ಗುಣವಿದೆ. ಅದು ನಮ್ಮ ಅನುಕೂಲವನ್ನು ಕೇಳಿ ಬರೆದದ್ದಲ್ಲ. ಆ ಗುಣವನ್ನು ಬಿಟ್ಟುಕೊಡಲು ನಾನು ಒಡಂಬಡಲಾರೆ.

ಹಾಗಾದರೆ ಮೂರನೆಯ ದಾರಿ ಯಾವುದು? ಅದನ್ನು ಬೈಬಲ್ಲಿನೊಳಗೇ ಒಬ್ಬನು ನಡೆದು ತೋರಿಸಿದ್ದಾನೆ. ಕೊರಿಂಥ ಪಟ್ಟಣದ ಹೊಸ ಕ್ರೈಸ್ತರು ಪೌಲನಿಗೆ ಒಂದು ಪ್ರಶ್ನೆ ಬರೆದರು. ಪೇಟೆಯಲ್ಲಿ ಮಾರುವ ಮಾಂಸದಲ್ಲಿ ಎಷ್ಟೋ ಪಾಲು ದೇವಾಲಯಗಳಲ್ಲಿ ಬಲಿಗೊಟ್ಟದ್ದು, ಅದನ್ನು ತಿನ್ನಬಹುದೇ? ಯೆರೂಸಲೇಮಿನ ಹಿರಿಯರು ಸೇರಿ, ವಿಗ್ರಹಕ್ಕೆ ಒಪ್ಪಿಸಿದ್ದನ್ನು ದೂರವಿಡಬೇಕೆಂದು ಒಂದು ತೀರ್ಪು ಕೊಟ್ಟಿದ್ದುಂಟು. ಅಪೊಸ್ತಲರ ಕೃತ್ಯಗಳಲ್ಲಿ ಅದರ ವೃತ್ತಾಂತವಿದೆ. ಪೌಲನು ಆ ತೀರ್ಪನ್ನು ನಕಲು ಮಾಡಿ ಕಳುಹಿಸಿ ಕೈತೊಳೆದುಕೊಳ್ಳಬಹುದಾಗಿತ್ತು. ಹಾಗೆ ಮಾಡಲಿಲ್ಲ. ವಿಗ್ರಹವೆಂಬುದು ಏನೂ ಅಲ್ಲವೆಂದು ಬಲ್ಲವರಿಗೆ ಮಾಂಸ ಬರಿಯ ಮಾಂಸವೇ ಎಂದು ಒಪ್ಪಿಕೊಂಡನು. ಒಪ್ಪಿಕೊಂಡ ಮೇಲೆ ಇನ್ನೊಂದು ಪ್ರಶ್ನೆ ಹಾಕಿದನು. ನಿನಗೆ ತಿಳಿದಿದೆ, ಸರಿ. ಮೊನ್ನೆಯವರೆಗೂ ಆ ದೇವಾಲಯದಲ್ಲಿ ಅಂಜಿ ನಿಂತಿದ್ದ ನಿನ್ನ ಜೊತೆಗಾರನಿಗೆ ಅದು ಇನ್ನೂ ತಿಳಿದಿಲ್ಲ. ನಿನ್ನನ್ನು ನೋಡಿ ಅವನೂ ತಿಂದು, ತಾನು ದ್ರೋಹ ಮಾಡಿದೆನೆಂದು ಒಳಗೊಳಗೇ ಮುರಿದುಹೋದರೆ? ಅಂಥ ಸಂದರ್ಭ ಬರುವುದಾದರೆ ತಾನು ಮಾಂಸವನ್ನೇ ಬಿಡಲು ಸಿದ್ಧನೆಂದು ಬರೆದನು. ಅದೇ ಪತ್ರದಲ್ಲಿ ಸ್ವಲ್ಪ ಮುಂದೆ, ಅನ್ಯಮತದವನು ಊಟಕ್ಕೆ ಕರೆದರೆ ಹೋಗಿ ಬಡಿಸಿದ್ದನ್ನು ಕೇಳದೆ ಊಟಮಾಡಬಹುದೆಂದನು. ಆದರೆ ಇದು ಬಲಿಗೆ ಕೊಟ್ಟದ್ದು ಎಂದು ಒಬ್ಬನು ಎತ್ತಿ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ಬಿಡಬೇಕೆಂದನು.

ಇಲ್ಲಿ ನಿಯಮವಿದೆ, ವಿನಾಯಿತಿಯಿದೆ, ವಿನಾಯಿತಿಗೂ ಒಂದು ಎಲ್ಲೆಯಿದೆ. ಪ್ರತಿಯೊಂದು ತಿರುವಿನಲ್ಲಿಯೂ ಕೇಳಿದ ಪ್ರಶ್ನೆ ಒಂದೇ: ನನ್ನ ನಿರ್ಣಯದ ಭಾರ ಯಾರ ಮೇಲೆ ಬೀಳುತ್ತದೆ? ನೀತಿಶಾಸ್ತ್ರದ ದೊಡ್ಡ ದೊಡ್ಡ ಗ್ರಂಥಗಳಲ್ಲಿ ಇದಕ್ಕಿಂತ ಹೆಚ್ಚಿನದನ್ನು ನಾನು ಕಂಡದ್ದು ಸ್ವಲ್ಪ.

ಈ ಪತ್ರವು ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕ್ ಪಟ್ಟಣಕ್ಕೆ ಸೇರಿದ್ದೆಂದು ಯೂರೋಪಿನ ಓದುಗನು ಹೇಳಬಹುದು; ಕನ್ನಡನಾಡಿನ ಕ್ರೈಸ್ತನು ಹೇಳಲಾರನು. ಅವನ ನೆರೆಮನೆಯಿಂದ ವರ್ಷಕ್ಕೆ ಹತ್ತು ಸಲ ಪ್ರಸಾದ ಬರುತ್ತದೆ. ನನಗೆ ಪರಿಚಿತರಾದ ಒಬ್ಬ ಕ್ರೈಸ್ತ ದಾದಿ ಇದ್ದರು. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿ ಗಡಿಯ ಊರೊಂದರಲ್ಲಿ ನೆಲೆಸಿದ್ದವರು. ನೆರೆಯವರು ಹಬ್ಬಕ್ಕೆ ಹೋಳಿಗೆ ಕಳುಹಿಸಿದರೆ ತಿನ್ನುತ್ತಿದ್ದರು. ಇದು ದೇವರಿಗೆ ತೋರಿಸಿದ್ದು ಎಂದು ಹೇಳಿ ಕೊಟ್ಟರೂ ತಿನ್ನುತ್ತಿದ್ದರು. ಪೌಲನು ಬಿಡಬೇಕೆಂದಿದ್ದಾನಲ್ಲ ಎಂದು ನಾನು ಕೇಳಿದೆ. ಆಕೆಯ ಉತ್ತರ ನನಗೆ ಈಗಲೂ ನೆನಪಿದೆ. ಕೊರಿಂಥದವನು ಎತ್ತಿ ಹೇಳಿದ್ದು ಇವನು ಏನು ಮಾಡುತ್ತಾನೆ ನೋಡೋಣ ಎಂದಿರಬಹುದು, ಇಲ್ಲವೇ ತನ್ನ ಅಳುಕಿನಿಂದ ಇರಬಹುದು; ನಮ್ಮ ನೆರೆಯಾಕೆ ಹೇಳುವುದು ಒಳ್ಳೆಯದಾಗಲಿ ಎಂದು. ಅವಳ ಮನಸ್ಸಾಕ್ಷಿಗೆ ನಾನು ತಿನ್ನುವುದರಿಂದ ನೋವಿಲ್ಲ, ತಿನ್ನದಿರುವುದರಿಂದ ನೋವು. ಇದು ಸರಿಯಾದ ವ್ಯಾಖ್ಯಾನವೇ ಎಂದು ಪಂಡಿತರು ಚರ್ಚಿಸಲಿ. ಸೋಮಾರಿ ವ್ಯಾಖ್ಯಾನವಂತೂ ಅಲ್ಲ. ಮುಂದೊಂದು ವರ್ಷ ಆಕೆಯ ಮನೆಯಲ್ಲಿ, ಹೊಸದಾಗಿ ಸಭೆಗೆ ಸೇರಿದ ಸಂಸಾರವೊಂದು ಕೆಲವು ತಿಂಗಳು ಇತ್ತು. ಅವರಿಗೆ ಹಿಂದಿನ ದೇವರುಗಳ ಭಯ ಪೂರ್ತಿ ಹೋಗಿರಲಿಲ್ಲ. ಆ ವರ್ಷದ ಹಬ್ಬದಲ್ಲಿ ಆಕೆ ಪ್ರಸಾದವನ್ನು ವಿನಯದಿಂದ ಹಿಂದಕ್ಕೆ ಕೊಟ್ಟರು. ನೆರೆಯಾಕೆಗೆ ಅದು ಹಿಡಿಸಲಿಲ್ಲ. ಎರಡು ವರ್ಷ ಮಾತು ಕಡಿಮೆಯಾಯಿತು. ಆ ಎರಡು ವರ್ಷವೂ ಕ್ರಿಸ್ಮಸ್ಸಿಗೆ ಕರಜಿಕಾಯಿ ಕಟ್ಟಿಕೊಂಡು ಆ ಮನೆಗೆ ಮೊದಲು ಹೋದವರು ಆಕೆಯೇ. ನಿರ್ಣಯ ಆಕೆಯದು, ಅದರ ದಂಡವನ್ನೂ ಆಕೆಯೇ ತೆತ್ತರು. ಹೊಸಬರ ಮೇಲೂ ಹಾಕಲಿಲ್ಲ, ನೆರೆಯವಳ ಮೇಲೂ ಹಾಕಲಿಲ್ಲ.

ಒಬ್ಬ ವ್ಯಕ್ತಿಗೆ ಇದು ಸಾಧ್ಯ, ಸಂಸ್ಥೆಗೆ ಸಾಧ್ಯವೇ? ಇದಕ್ಕೆ ನಮ್ಮ ಕರಾವಳಿಯ ಚರಿತ್ರೆಯಲ್ಲಿ ಒಂದು ದೊಡ್ಡ ಪ್ರಯೋಗವೇ ನಡೆದಿದೆ. ೧೮೩೪ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ನಿನ ಪರವಾಗಿ ಮಂಗಳೂರಿಗೆ ಬಂದರು. ಎರಡು ವರ್ಷದ ಮೇಲೆ ಮೋಗ್ಲಿಂಗ್ ಬಂದರು. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೆಗಳಿಗೆ ಮೊದಲಿಗರಾದವರು. ಈ ಮಿಷನ್ನಿನ ಮಾತಿಗೆ ಕಿವಿಗೊಟ್ಟವರಲ್ಲಿ ಬಿಲ್ಲವರು ಬಹುಸಂಖ್ಯಾತರು. ಅವರಲ್ಲಿ ಅನೇಕರ ಕಸುಬು ತಾಳೆ, ತೆಂಗಿನ ಮರದಿಂದ ಸೇಂದಿ ಇಳಿಸುವುದು. ಸಭೆಗೆ ಸೇರುವವನು ಆ ಕಸುಬನ್ನು ಬಿಡತಕ್ಕದ್ದು ಎಂಬುದು ಮಿಷನ್ನಿನ ನಿಲುವಾಯಿತು.

ಇದನ್ನು ಯಾವ ವಾಕ್ಯದಿಂದ ತೆಗೆದರು? ಹುಡುಕುವವನಿಗೆ ಎರಡು ಕಡೆಯೂ ಸಿಗುತ್ತದೆ. ಜ್ಞಾನೋಕ್ತಿಗಳಲ್ಲಿ ಮದ್ಯವನ್ನು ಹಳಿಯುವ ಮಾತುಗಳಿವೆ; ಕುಡಿದು ಮೈಮರೆಯಬಾರದೆಂದು ಎಫೆಸದವರಿಗೆ ಬರೆದ ಪತ್ರದಲ್ಲಿದೆ. ಮತ್ತೊಂದು ಕಡೆ, ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾದ ಕಥೆ ಯೋಹಾನನ ಸುವಾರ್ತೆಯಲ್ಲಿದೆ. ಹೊಟ್ಟೆಯ ಕಾಯಿಲೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳೆಂದು ತಿಮೊಥೆಯನಿಗೆ ಹೇಳಿದ್ದಿದೆ. ಎಲ್ಲಕ್ಕೂ ಮೇಲೆ ಪ್ರಭುಭೋಜನದ ಪಾತ್ರೆಯಲ್ಲಿರುವುದೇ ದ್ರಾಕ್ಷಾರಸ. ಬಂದ ಮಿಷನರಿಗಳಲ್ಲಿ ಹಲವರು ವ್ಯೂರ್ಟೆಂಬೆರ್ಗ್ ಸೀಮೆಯವರು. ಅದು ದ್ರಾಕ್ಷಿಯ ತೋಟಗಳ ನಾಡು. ದ್ರಾಕ್ಷಿ ಹಿಂಡುವ ರೈತನು ಅಲ್ಲಿಯ ಇಗರ್ಜಿಯಲ್ಲಿ ಗೌರವದಿಂದ ಕುಳಿತಿರುವಾಗ ಮರ ಹತ್ತುವ ಬಿಲ್ಲವನು ಇಲ್ಲಿ ಹೊರಗೆ ಏಕೆ ನಿಲ್ಲಬೇಕು ಎಂದು ಆಕ್ಷೇಪಿಸಿದರೆ ಸಮಾಧಾನ ಹೇಳುವುದು ಕಷ್ಟ. ಒಂದು ದೇಶದ ಅಭ್ಯಾಸವು ಇನ್ನೊಂದು ದೇಶದಲ್ಲಿ ಪಾಪವಾಗುವುದನ್ನು ಚರಿತ್ರೆಯಲ್ಲಿ ಬಹಳ ಕಂಡಿದ್ದೇವೆ. ಪಾಪವೆಂದು ತೀರ್ಮಾನಿಸುವವನು ಸಾಮಾನ್ಯವಾಗಿ ಮೊದಲನೆಯ ದೇಶದವನು.

ವಾಕ್ಯಗಳ ತಕ್ಕಡಿಯಲ್ಲಿ ಮಿಷನ್ನಿನ ನಿಲುವು ಹಗುರವೆಂದೇ ನನ್ನ ಅಭಿಪ್ರಾಯ. ಆದರೂ ಆ ಮೇಲೆ ನಡೆದದ್ದರಿಂದ ಅದಕ್ಕೆ ಒಂದು ತೂಕ ಬಂದಿತು. ಕಸುಬು ಬಿಟ್ಟವನು ಅನ್ನಕ್ಕೇನು ಮಾಡಬೇಕು? ಒಕ್ಕಲುತನಕ್ಕೆ ಭೂಮಿ ಕೊಟ್ಟವರು ಕಿತ್ತುಕೊಂಡರೆ ಎಲ್ಲಿಗೆ ಹೋಗಬೇಕು? ಮನೆಯವರು ಹೊರಹಾಕಿದರೆ ಎಲ್ಲಿ ಮಲಗಬೇಕು? ಬಿಡು ಎಂದವರ ಬಾಗಿಲಿಗೇ ಈ ಪ್ರಶ್ನೆಗಳು ಬಂದವು. ಅವರು ಬಾಗಿಲು ಹಾಕಿಕೊಳ್ಳಲಿಲ್ಲ. ಅಚ್ಚುಕೂಟ ಮೊದಲೇ ಇತ್ತು. ೧೮೫೦ರ ದಶಕದ ಹೊತ್ತಿಗೆ ಮಗ್ಗಗಳು ಬಂದವು. ೧೮೬೫ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್‌ಸ್ಟ್ ಹೆಂಚಿನ ಕಾರ್ಖಾನೆ ಹಾಕಿದರು. ನೇತ್ರಾವತಿಯ ಜೇಡಿಯಿಂದ ಸುಟ್ಟ ಆ ಹೆಂಚು ಮುಂದೆ ‘ಮಂಗಳೂರು ಹೆಂಚು’ ಎಂಬ ಹೆಸರಿನಿಂದ ದೇಶದ ಮೂಲೆಮೂಲೆಗೂ ಹೋಯಿತು. ಆ ಹೆಂಚಿನ ಕೆಳಗೆ ಮಲಗಿದವರಲ್ಲಿ ಎಷ್ಟು ಮಂದಿಗೆ ಅದರ ಹಿಂದೆ ಬೈಬಲ್ಲಿನ ಒಂದು ವಿವಾದವಿದೆಯೆಂದು ಗೊತ್ತಿತ್ತು!

ಇದರಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ನಾನು ಹೇಳುವುದಿಲ್ಲ. ಮರದ ತುದಿಯಲ್ಲಿ ತನ್ನ ಪಾಡಿಗೆ ತಾನಿದ್ದವನು ಗಂಟೆಯ ಶಬ್ದಕ್ಕೆ ಏಳುವ ಕೂಲಿಯಾದನು. ಅವನ ಆತ್ಮಕ್ಕೆ ಪಾದ್ರಿಯಾದವರೂ ಅವನ ಕೂಲಿಗೆ ಧಣಿಯಾದವರೂ ಒಂದೇ ಮಿಷನ್ನಿನವರು. ಕೂಲಿ ಹೆಚ್ಚಿಸಿರೆಂದು ಕೇಳುವುದು ಅವಿಧೇಯತೆಯೋ ನ್ಯಾಯವೋ ಎಂದು ತಿಳಿಯದ ಇಕ್ಕಟ್ಟು ಅದು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಸಂಬಂಧದ ಕಾರಣ ಸರಕಾರವು ಈ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು; ಸಭೆ ಒಂದು ಕಡೆಗೆ, ಕಾರ್ಖಾನೆ ಒಂದು ಕಡೆಗೆ ಆಯಿತು. ಇಷ್ಟಾದರೂ, ಹೊಟ್ಟೆಯ ಮೇಲೆ ಹೊಡೆಯುವ ತೀರ್ಪು ಕೊಟ್ಟವರು ಆ ಹೊಟ್ಟೆಯ ಹೊಣೆಯನ್ನೂ ಹೊತ್ತರೆಂಬ ಒಂದು ಸಂಗತಿ ಉಳಿಯುತ್ತದೆ. ಧರ್ಮದ ಹೆಸರಿನಲ್ಲಿ ಬಹಿಷ್ಕಾರ ಹಾಕಿದವರು ನಮ್ಮ ನಾಡಿನಲ್ಲಿ ಬೇಕಾದಷ್ಟು. ನಿಷೇಧಿಸಿದ ಮೇಲೆ ಬದಲಿ ಮಗ್ಗ ಹೂಡಿಕೊಟ್ಟವರು ಎಷ್ಟು?

ಹೊಣೆ ಹೊರದೆ ತೀರ್ಪು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ದೂರದ್ದಲ್ಲ. ೧೮೬೯ರಲ್ಲಿ ಭಾರತದ ಕ್ರೈಸ್ತರಿಗಾಗಿ ವಿವಾಹ ವಿಚ್ಛೇದನದ ಕಾಯಿದೆಯೊಂದು ಬಂದಿತು. ಅದರ ಪ್ರಕಾರ, ಹೆಂಡತಿ ವ್ಯಭಿಚಾರ ಮಾಡಿದಳೆಂದು ಸ್ಥಾಪಿಸಿದರೆ ಗಂಡನಿಗೆ ವಿಚ್ಛೇದನ ದೊರೆಯುತ್ತಿತ್ತು. ಗಂಡ ವ್ಯಭಿಚಾರಿಯೆಂದು ಸ್ಥಾಪಿಸಿದರೆ ಹೆಂಡತಿಗೆ ಅಷ್ಟು ಸಾಲದು. ಅದರ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷ ಬಿಟ್ಟುಹೋದದ್ದನ್ನೋ, ಅಂಥ ಇನ್ನೊಂದು ಅಪರಾಧವನ್ನೋ ಅವಳು ಕೂಡಿಸಿ ತೋರಿಸಬೇಕಾಗಿತ್ತು. ಇದು ಕ್ರೈಸ್ತ ಧರ್ಮದ ಕಟ್ಟಳೆಯೆಂದೇ ಜನ ತಿಳಿದರು. ಪುಸ್ತಕ ತೆರೆದು ನೋಡೋಣ. ಮತ್ತಾಯನ ಸುವಾರ್ತೆಯಲ್ಲಿ ವ್ಯಭಿಚಾರದ ಕಾರಣವೊಂದನ್ನು ಬಿಟ್ಟು ಹೆಂಡತಿಯನ್ನು ಬಿಡಬಾರದೆಂದಿದೆ. ಮಾರ್ಕನಲ್ಲಿ ಆ ಒಂದು ವಿನಾಯಿತಿಯೂ ಇಲ್ಲ. ಆದರೆ ಅಲ್ಲಿ ಗಂಡನಿಗೆ ಹೇಳಿದ ಮಾತನ್ನೇ ತಿರುಗಿಸಿ ಹೆಂಡತಿಗೂ ಹೇಳಿದೆ. ಕಟ್ಟು ಎಷ್ಟೇ ಬಿಗಿಯಾಗಿರಲಿ, ಇಬ್ಬರಿಗೂ ಒಂದೇ ಕಟ್ಟು. ತಾನು ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳನ್ನು ಮದುವೆಯಾದವನು ಮೊದಲನೆಯವಳಿಗೆ ಅಪರಾಧಿ ಎಂದಿದೆ. ಹೆಣ್ಣನ್ನು ಆಸ್ತಿಯಂತೆ ಎಣಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹಾಗಾದರೆ ೧೮೬೯ರ ತಾರತಮ್ಯ ಎಲ್ಲಿಂದ ಬಂದಿತು? ೧೮೫೭ರ ಇಂಗ್ಲಿಷ್ ಕಾಯಿದೆಯಿಂದ. ಸುವಾರ್ತೆಯ ಹೆಸರು, ವಿಕ್ಟೋರಿಯಾ ರಾಣಿಯ ಕಾಲದ ಗಂಡಸರ ಲೆಕ್ಕಾಚಾರ. ಇಂಗ್ಲೆಂಡಿನವರು ೧೯೨೩ರಲ್ಲಿ ತಮ್ಮ ಕಾಯಿದೆಯಲ್ಲಿ ಈ ಅಂಶವನ್ನು ಸರಿಮಾಡಿಕೊಂಡರು. ನಮ್ಮಲ್ಲಿ ಅದು ೨೦೦೧ರ ತಿದ್ದುಪಡಿಯವರೆಗೆ ಉಳಿಯಿತು. ನೂರ ಮೂವತ್ತೆರಡು ವರ್ಷ! ಅಷ್ಟು ಕಾಲ ಕನ್ನಡನಾಡಿನ ಕ್ರೈಸ್ತ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಏನನ್ನು ನುಂಗಿಕೊಂಡು ಬಾಳಿದರೋ! ಇದು ಸತ್ಯವೇದದ ವಿಧಿಯಲ್ಲವೆಂದು ತೋರಿಸಬಲ್ಲ ಪಂಡಿತರು ಆ ಕಾಲದಲ್ಲಿ ಇರಲಿಲ್ಲವೆಂದಲ್ಲ. ಆದರೆ ತೀರ್ಪಿನ ಭಾರ ಗಂಡಸಿನ ಮೇಲೆ ಬೀಳದಿದ್ದಾಗ ಪುಸ್ತಕವನ್ನು ಮತ್ತೊಮ್ಮೆ ತೆರೆದು ನೋಡುವ ಅವಸರ ಗಂಡಸಿಗೆ ಉಂಟಾಗುವುದಿಲ್ಲ.

ನೀತಿಶಾಸ್ತ್ರವನ್ನು ಓದಿಸುವವರಿಗೆ ಇದರಿಂದ ಒಂದು ಮಾತು ಹೇಳಬಹುದು. ಬೆಂಗಳೂರಿನಲ್ಲಿ ೧೯೧೦ರಿಂದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ. ಮಂಗಳೂರಿನಲ್ಲಿ ೧೯೬೫ರಿಂದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ. ೧೯೫೭ರಲ್ಲಿ ದೇವನಂದನ್ನರೂ ಆ ಮೇಲೆ ಎಂ. ಎಂ. ಥಾಮಸ್ಸರೂ ಬೆಂಗಳೂರಿನ ಒಂದು ಅಧ್ಯಯನಸಂಸ್ಥೆಯನ್ನು ಮುಂದಿಟ್ಟುಕೊಂಡು, ಸ್ವತಂತ್ರ ಭಾರತದ ಸಾಮಾಜಿಕ ಪರಿವರ್ತನೆಯನ್ನು ಕ್ರೈಸ್ತರು ದೂರ ನಿಂತು ನೋಡಬಾರದೆಂದು ವಾದಿಸಿದರು. ಈ ಪಾಠಗಳೆಲ್ಲ ಇಗರ್ಜಿಯ ಆವರಣದೊಳಗೇ ಉಳಿದುವೆಂಬುದು ನನ್ನ ದೂರು. ನಮ್ಮ ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳಲ್ಲಿ ಕಿಟ್ಟೆಲ್ಲರ ೧೮೯೪ರ ನಿಘಂಟನ್ನು ಹೊಗಳುತ್ತೇವೆ. ಆ ನಿಘಂಟನ್ನು ಬರೆಯಿಸಿದ ಶ್ರದ್ಧೆ ಯಾವ ನೈತಿಕ ಪ್ರಶ್ನೆಗಳ ನಡುವೆ ಬಾಳಿತೆಂದು ಕೇಳುವುದಿಲ್ಲ. ವಚನಗಳನ್ನು ಓದುವ ವಿದ್ಯಾರ್ಥಿಗೆ ಕಾಯಕದ ವಿಚಾರ ಬರುತ್ತದೆ. ಸೇಂದಿಯ ಕಾಯಕವನ್ನು ಬಿಡಿಸಿದ ಕಥೆಯನ್ನು ಅದರ ಪಕ್ಕದಲ್ಲಿಟ್ಟು ಓದಿಸಿದರೆ ಇಬ್ಬರಿಗೂ ನ್ಯಾಯ ದೊರಕೀತು.

ನಮ್ಮ ಊರಿನ ಜೈನ ಒಕ್ಕಲಿಗರಿಗೆ ಈ ವಿಚಾರ ಹೊಸದಲ್ಲ. ಅಹಿಂಸೆಯನ್ನು ಪರಮಧರ್ಮವೆಂದವರು ನೇಗಿಲು ಹಿಡಿದರೆ ಮಣ್ಣಿನ ಹುಳು ಸಾಯುತ್ತದೆ. ಇದಕ್ಕೆ ಅವರ ಶಾಸ್ತ್ರಕಾರರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ಬೇರ್ಪಡಿಸಿದರು; ಕೊಲ್ಲಬೇಕೆಂದು ಕೊಲ್ಲುವುದು ಗೃಹಸ್ಥನಿಗೆ ಪೂರ್ತಿ ತ್ಯಾಜ್ಯ, ಅಡುಗೆಯಲ್ಲಿ, ಕಸುಬಿನಲ್ಲಿ, ಆತ್ಮರಕ್ಷಣೆಯಲ್ಲಿ ತಪ್ಪಿಸಿಕೊಳ್ಳಲಾಗದ್ದನ್ನು ಆದಷ್ಟು ಕಡಿಮೆ ಮಾಡತಕ್ಕದ್ದು ಎಂದರು. ಹೊಲದಲ್ಲಿ ನಿಂತವನ ಕಷ್ಟವನ್ನು ನೋಡಿ ಮಾಡಿದ ವಿಂಗಡಣೆ ಇದು. ಆದರೆ ಈಗಿನ ಹೊಲದ ಪ್ರಶ್ನೆ ಹುಳುವಿನಲ್ಲಿ ಮುಗಿಯುವುದಿಲ್ಲ. ಕಬ್ಬನ್ನು ಅರೆದರೆ ಸಕ್ಕರೆಯ ಜೊತೆಗೆ ಕಾಕಂಬಿ ಉಳಿಯುತ್ತದೆ. ಕಾಕಂಬಿಯಿಂದ ಮದ್ಯಸಾರ. ಅದರಲ್ಲಿ ಒಂದು ಪಾಲು ಮೋಟಾರಿನ ಪೆಟ್ರೋಲಿಗೆ ಬೆರೆಯುತ್ತದೆ, ಒಂದು ಪಾಲು ಆಸ್ಪತ್ರೆಯಲ್ಲಿ ಗಾಯ ತೊಳೆಯುತ್ತದೆ, ಒಂದು ಪಾಲು ಸೀಸೆಗೆ ಇಳಿದು ಕುಡಿತವಾಗುತ್ತದೆ. ಬಿಲ್ಲವನಿಗೆ ತನ್ನ ಮಡಕೆ ಯಾರ ಬಾಯಿಗೆ ಹೋಯಿತೆಂದು ತಿಳಿದಿತ್ತು. ಕಬ್ಬಿನ ರೈತನಿಗೆ ತನ್ನ ಗಾಡಿ ಎಲ್ಲಿಗೆ ಹೋಯಿತೆಂದು ತಿಳಿಯುವ ಬಗೆಯಿಲ್ಲ. ನಿಪ್ಪಾಣಿಯ ಹೊಗೆಸೊಪ್ಪಿನವನಿಗೆ ಆ ಅಸ್ಪಷ್ಟತೆಯ ನೆರಳೂ ಇಲ್ಲ.

ಕಾಲೇಜಿಗೆ ಹೋಗುವ ಹುಡುಗರು ಒಮ್ಮೊಮ್ಮೆ ಕೇಳುತ್ತಾರೆ, ಕಬ್ಬು ಬೆಳೆಯುವುದು ಪಾಪವೇ ಎಂದು. ಕುಡಿತದ ಮೇಲಿನ ವಾಕ್ಯವನ್ನು ಹುಡುಕಿ ಕೊಡುವುದು ಸುಲಭ. ಅದರಿಂದ ಕಬ್ಬು ಬೆಳೆಯುವವನಿಗೆ ಏನೂ ಆಗುವುದಿಲ್ಲ, ಹೇಳಿದವನಿಗೂ ಏನೂ ಆಗುವುದಿಲ್ಲ. ಆ ಹುಡುಗರಿಗೆ ನಾನು ಬೇರೆ ವಾಕ್ಯಗಳನ್ನು ತೋರಿಸುತ್ತೇನೆ. ಬಡ ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಡಬೇಕೆಂದು ಧರ್ಮೋಪದೇಶಕಾಂಡದಲ್ಲಿದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರಿಗೆ ಮುಟ್ಟುತ್ತದೆ ಎಂದು ಯಾಕೋಬನು ಧನಿಕರಿಗೆ ಬರೆದಿದ್ದಾನೆ. ಕೊಯ್ಲಿನ ಕೂಲಿಯ ವಿಷಯದಲ್ಲಿ ಆ ಪುಸ್ತಕದ ಮಾತು ದ್ರಾಕ್ಷಾರಸದ ವಿಷಯದಲ್ಲಿದ್ದಂತೆ ಎರಡು ಕಡೆಗೆ ಎಳೆಯುವುದಿಲ್ಲ. ಒಂದೇ ಕಡೆಗೆ ಇದೆ. ಆದರೂ ಬೋಧಕರು ಮದ್ಯದ ಮೇಲೆ ಹತ್ತು ಸಲ ಮಾತಾಡಿದರೆ ಕೂಲಿಯ ಮೇಲೆ ಒಂದು ಸಲ ಮಾತಾಡುವುದು ಅಪರೂಪ. ಕ್ರೈಸ್ತ ಬೋಧಕರೆಂದಲ್ಲ, ಎಲ್ಲ ಮತದವರೂ ಅಷ್ಟೇ.

ಈ ವಾಕ್ಯಗಳನ್ನು ತೋರಿಸಿದ ಮೇಲೆ ನನ್ನ ಮನೆಯ ಲೆಕ್ಕವನ್ನೂ ತೆಗೆಯಬೇಕಾಗುತ್ತದೆ. ನಮ್ಮದೂ ಎರಡು ಎಕರೆ ಕಬ್ಬಿದೆ. ೧೯೬೬ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಕಾರ್ಖಾನೆಯು ರೈತನಿಗೆ ಹದಿನಾಲ್ಕು ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಕೊಡಬೇಕು. ಬಾಕಿ ನಿಂತ ವರ್ಷ ರೈತರೆಲ್ಲ ರಸ್ತೆಗೆ ಇಳಿಯುತ್ತೇವೆ, ನ್ಯಾಯವೇ. ನಮ್ಮ ಕಬ್ಬು ಕಡಿಯಲು ಬೀಡ ಸೀಮೆಯಿಂದ ಬಂದವರಿಗೆ ಇಂಥ ಆಜ್ಞೆಯಿಲ್ಲ. ಮಳೆಗಾಲ ಮುಗಿಯುವ ಮೊದಲೇ ಮುಕಾದಮನಿಂದ ಅವರು ಮುಂಗಡ ತಂದಿರುತ್ತಾರೆ. ಹಂಗಾಮಿನ ಕೊನೆಗೆ ಲೆಕ್ಕ ನೋಡಿದರೆ ಕೂಲಿ ಮುಂಗಡಕ್ಕೆ ವಜಾ ಆಗಿ, ಎಷ್ಟೋ ಸಲ ಮುಂದಿನ ವರ್ಷಕ್ಕೆ ಸಾಲ ಉಳಿದಿರುತ್ತದೆ. ಗಂಡ ಹೆಂಡತಿ ಇಬ್ಬರೂ ಕಡಿಯುತ್ತಾರೆ; ಲೆಕ್ಕದಲ್ಲಿ ಇಬ್ಬರೂ ಸೇರಿ ಒಂದು ‘ಕೋಯತಾ’. ಮಕ್ಕಳು ಬದುವಿನ ಮೇಲೆ ಕಬ್ಬಿನ ಗರಿಯ ನೆರಳಿನಲ್ಲಿ ಕುಳಿತಿರುತ್ತಾರೆ. ಊರಿನ ಶಾಲೆ ಕೂಗಳತೆಯಲ್ಲಿದ್ದರೂ ಅವರ ಹೆಸರು ಅಲ್ಲಿಯ ಹಾಜರಿಯಲ್ಲಿರುವುದಿಲ್ಲ. ಹೋದ ಹಂಗಾಮಿನಲ್ಲಿ ನಮ್ಮ ಹೊಲಕ್ಕೆ ಬಂದ ತಂಡದವರಿಗೆ ಹೆಣ್ಣಾಳಿನ ಪಾಲನ್ನು ಬೇರೆ ಎಣಿಸಿ ಅಂದಂದಿನ ಸಂಜೆಗೆ ಅವಳ ಕೈಗೇ ಕೊಡುವೆನೆಂದು ಹೇಳಿದೆ. ಮುಕಾದಮನು ಒಪ್ಪಲಿಲ್ಲ, ಒಬ್ಬರ ಹೊಲದಲ್ಲಿ ಹೀಗೆ ಮಾಡಿದರೆ ಉಳಿದವರು ತನ್ನನ್ನು ಬಿಡುತ್ತಾರೆಯೇ ಎಂದನು. ತಂಡದ ಒಬ್ಬ ಹೆಂಗಸು, ಕೊಡುವುದಾದರೆ ಮುಕಾದಮನಿಗೆ ತಿಳಿಯದಂತೆ ಕೊಡಿ, ಗಂಡನಿಗೂ ತಿಳಿಯದಂತೆ ಕೊಡಿ ಎಂದಳು. ಹಾಗೆಯೇ ಕೊಟ್ಟೆವು. ಈ ಹಂಗಾಮಿಗೆ ಆ ತಂಡ ನಮ್ಮ ಕಡೆಗ ಬರುವುದೋ ಇಲ್ಲವೋ, ಮುಕಾದಮನು ಇನ್ನೂ ಹೇಳಿಕಳುಹಿಸಿಲ್ಲ. ಕಬ್ಬು ಹೂಬಿಟ್ಟು ನಿಂತಿದೆ.